ತಾತನ ಕಡಿವಾಣ

ಮೊಂಟಾನಾ, ಮಂಗಳವಾರ

ಅಕ್ಕಾ,

ಇಲ್ಲಿಯ ಹಳೆಯ ಸೆರೆಮನೆ ಈಗ ಮ್ಯೂಸಿಯಂ ಆಗಿದೆ, ಇವತ್ತು ನೋಡಿದೆ. ಗಾಜಿನ ಪೆಟ್ಟಿಗೆಯಲ್ಲಿ ಕುದುರೆಯ ಬಾಲದ ಕೂದಲಿನಿಂದ ಹೆಣೆದ ಕಡಿವಾಣವೊಂದಿತ್ತು. ವಜ್ರಾಕಾರದ ಕೆಂಪು ಚಿತ್ತಾರ, ಅಂಚಿಗೊಂದು ಕಪ್ಪು ಎಳೆ. ತಾತ ಪಂದ್ಯದಲ್ಲಿ ಗೆದ್ದದ್ದು ಅಂತ ಬಂದವರಿಗೆಲ್ಲ ಹೇಳಿ ನಿನ್ನ ಗೋಡೆಗೆ ತೂಗುಹಾಕಿದ್ದೀಯಲ್ಲ, ಅದರದೇ ಜೋಡಿ!

"ಇದನ್ನ ಎಲ್ಲಿ ಮಾಡ್ತಿದ್ರು?" ಎಂದು ಮ್ಯೂಸಿಯಂ ನೋಡಿಕೊಳ್ಳುವ ಮುದುಕಿಯನ್ನು ಕೇಳಿದೆ.

"ಇಲ್ಲೇ ಕಣಮ್ಮ, ಕೈದಿಗಳು. ಒಂದು ಹೆಣೆಯೋಕೆ ವರ್ಷ ಹಿಡಿಯುತ್ತೆ, ಹೊರಗಿದ್ದೋರಿಗೆ ಅಷ್ಟು ಪುರುಸೊತ್ತೆಲ್ಲಿ? ಒಬ್ಬೊಬ್ಬರದೂ ಒಂದೊಂದು ನಮೂನೆ. ಇದನ್ನ ಹೆಣೆದವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ."

ತಾತ ಮೂರು ವರ್ಷ ಊರಲ್ಲಿರಲಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತು. ತಾತನ ಹೆಸರು ಹೇಳಿಬಿಟ್ಟೆ. ಆಕೆ ಚೀಟಿಯಲ್ಲಿ 'ಆಸ್ಕರ್ ಟ್ವೀಟನ್' ಎಂದು ಬರೆದು ಗಾಜಿನೊಳಗೆ ಇಟ್ಟಳು.

ಮಂಡಿನೋವು ಕಡಿಮೆಯಾಗಿದೆ. ಗುರುವಾರದ ಬಸ್ಸಿಗೆ ಬರುತ್ತೇನೆ. ಇದನ್ನೆಲ್ಲ ಬರಿಯ ಕಾರ್ಡಿನಲ್ಲಿ ಬರೆಯೋ ಬದಲು ಲಕೋಟೆಯಲ್ಲಿ ಬರೆಯಬಾರದಿತ್ತೇ ಅಂತ ಸಿಡುಕಬೇಡ. ಅಂಚೆಮನೆಯ ಬರ್ನಿಸ್ ಕಾರ್ಡುಗಳನ್ನೆಲ್ಲ ಓದಿಯೇ ಕೊಡುವವಳು, ಇದು ನಿನ್ನ ಕೈಗೆ ಬರುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಕಡಿವಾಣ ಮಾತ್ರ ಗೋಡೆಯಿಂದ ಇಳಿಸಬೇಡ.

ನಿನ್ನ ತಂಗಿ,
ಹಿಲ್ಡಾ