ತಾಮ್ರದ ಬಿಂದಿಗೆ ಮತ್ತು ಎರಡಡಿ ಸಮುದ್ರ

ತಿ. ನರಸೀಪುರ
9 ನವೆಂಬರ್ 2025, ಭಾನುವಾರ

ಮೇಘನಾಳ ಅಪ್ಪನಿಗೆ, ಪ್ರೀತಿಯಿಂದ.

ಬೆಳಿಗ್ಗೆ ಹನ್ನೊಂದು ಗಂಟೆ. ಕರೆಂಟ್ ಇದೆ. ಮೇಘನಾ ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ದಾಳೆ, ಅತ್ತೆ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾರೆ. ನಿಮ್ಮ ಕೆಮ್ಮು ಹೋಯಿತೆ? ಮಿನಿಕಾಯ್ ದ್ವೀಪದ ಹವಾಮಾನ ಕಚೇರಿಯಲ್ಲಿ ಕೂತು ಊರಿಗೆಲ್ಲ ಮಳೆ ಹೇಳುವವರು ತಾವೇ ನೆನೆದು ನೆಗಡಿ ತಂದುಕೊಳ್ಳುತ್ತೀರಲ್ಲ. ಕೊಡೆ ಒಯ್ಯಿರಿ. ನಾವು ಮೂವರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಿಮ್ಮ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ, ಜೊತೆಗೆ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ಏಪ್ರಿಲ್ ರಜೆಗೆ ನಾವೆಲ್ಲ ಅಲ್ಲಿಗೆ ಬರಬೇಕೆಂದು ನೀವು ಕೇಳಿದಾಗ ನಿಮ್ಮ ತಾಯಿ ಏನೆಂದರೆಂದು ನೆನಪಿರಬೇಕು: "ಉಪ್ಪುನೀರಲ್ಲಿ ಏನ್ ಬದುಕೀತ್ಲಾ? ಸುತ್ತಾ ನೀರಿದ್ರೂ ಒಂದ್ ಗುಟುಕು ಕುಡಿಯಂಗಿಲ್ಲ. ಅಂತಾ ಊರ್ಗೆ ನಾ ಬರಾಕಿಲ್ಲ." ಎಪ್ಪತ್ತೊಂದು ವರ್ಷ ಎರಡು ಹೊಳೆ ಕೂಡುವ ಊರಲ್ಲಿ ಸಿಹಿನೀರು ಕುಡಿದವರು ಹಾಗೆನ್ನುವುದು ಸಹಜ. ಅವರನ್ನು ಬಿಟ್ಟು ನಾನು ಬರಲಾರೆ, ವಾದ ಮಾಡುವುದೂ ನನ್ನಿಂದಾಗದು. ಹಾಗಾಗಿ ಜುಲೈನಲ್ಲಿ ಆ ಎರಡಡಿಯ ಗಾಜಿನ ತೊಟ್ಟಿ ತಂದೆ. ಮೇಘನಾಳ ಶಾಲೆಯ ಪ್ರಾಜೆಕ್ಟಿಗೆಂದು ನಿಮಗೆ ಹೇಳಿದ್ದು ಸುಳ್ಳು, ಕ್ಷಮಿಸಿ. ಉಪ್ಪುನೀರಲ್ಲಿ ಜೀವ ಆಡುವುದನ್ನು ಅತ್ತೆ ಕಣ್ಣಾರೆ ನೋಡಿದರೆ ಮನಸ್ಸು ಬದಲಾದೀತು ಎಂಬುದು ನನ್ನ ಆಸೆ.

ನಾನೇನೂ ತಿಳಿದವಳಲ್ಲ. ನನಗೆ ಸಮುದ್ರವೆಂದರೆ ಅನುವಾದದ ಕಾದಂಬರಿಗಳಲ್ಲಿ ಓದಿದ್ದು. ಅಲ್ಲಿ ಅದು ಯಾವಾಗಲೂ ಬೂದುಬಣ್ಣ, ಯಾರಾದರೊಬ್ಬರು ಕೋಟು ತೊಟ್ಟು ದಡದಲ್ಲಿ ದುಃಖಪಡುತ್ತಿರುತ್ತಾರೆ. ತೊಟ್ಟಿಯ ಸಮುದ್ರದಲ್ಲಿ ದುಃಖಕ್ಕೆ ಪುರುಸೊತ್ತಿಲ್ಲ. ಮೈಸೂರಿನ ಮೀನಿನಂಗಡಿಯ ಮದನ್ ಹೇಳಿದಂತೆ ಸಮುದ್ರದ ಉಪ್ಪಿನ ಪುಡಿಯನ್ನು ಫಿಲ್ಟರ್ ನೀರಿನಲ್ಲಿ ಕಲಸಿ, ಸಾಂದ್ರತೆ 1.025ಕ್ಕೆ ತಂದು, ಮರಳು ಕಲ್ಲು ಹಾಕಿ ಆರು ವಾರ ಕಾದೆ. ಕಣ್ಣಿಗೆ ಕಾಣದ ಜೀವಾಣುಗಳು ಮೊದಲು ಕಲ್ಲಿನಲ್ಲಿ ನೆಲೆಯಾಗಬೇಕಂತೆ. ಅಷ್ಟು ದಿನವೂ ಅತ್ತೆ ಬಂದವರಿಗೆಲ್ಲ, "ನಮ್ ಸೊಸೆ ಕಲ್ ಸಾಕವ್ಳೆ, ನೋಡ್ಕಂಡ್ ಓಗಿ" ಎಂದರು. ಪಕ್ಕದ ಮನೆಯ ಪುಟ್ಟಲಕ್ಷ್ಮಿ ಉಪ್ಪಿನ ಡಬ್ಬ ನೋಡಿ, "ಅಲ್ಲ ಕಣಕ್ಕ, ಮೀನ್ಗೆ ಉಪ್ಪಾಕದು ಸತ್ತ ಮ್ಯಾಲಲ್ವಾ?" ಎಂದಳು. ಅತ್ತೆ ಅದನ್ನು ನೆನೆದು ಸಂಜೆಯವರೆಗೂ ನಕ್ಕರು.

ಸೆಪ್ಟೆಂಬರಿನಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಗಾಜಿನ ಪಾಚಿ ತಿನ್ನುವ ಆರು ಬಸವನಹುಳು, ಹಸಿರು ಹವಳದ ಒಂದು ಗೊಂಚಲು ಬಂದವು. ಹವಳ ಎಂದರೆ ಸರದ ಹವಳವಲ್ಲ. ಅಂಗಿಯ ಗುಂಡಿಯಷ್ಟಗಲ, ಹೂವಿನಂತೆ ಅರಳಿ ಮುಚ್ಚುವ ಜೀವ. ಅತ್ತೆ ಕುರ್ಚಿ ಎಳೆದುಕೊಂಡರು. ತೊಟ್ಟಿಯ ನೀರು ಆವಿಯಾದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ದಿನವೂ ಸಪ್ಪೆ ನೀರನ್ನೇ ತುಂಬಬೇಕು ಎಂಬುದು ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಅತ್ತೆ, "ಸಾರು ಬತ್ತುದ್ರೆ ಉಪ್ಪಾಕ್ತಾರಾ? ನೀರಾಕ್ತಾರೆ" ಎಂದು ಮುಗಿಸಿಬಿಟ್ಟರು.

ಆ ಧೈರ್ಯದ ಮೇಲೆ, ಕಳೆದ ತಿಂಗಳು ನನ್ನ ಅಪ್ಪನ ಕಣ್ಣಿನ ಆಪರೇಷನ್ನಿಗೆ ನಂಜನಗೂಡಿಗೆ ಹೋದಾಗ, ಆರು ದಿನದ ಮಟ್ಟಿಗೆ ನೀರು ತುಂಬುವುದನ್ನು ಅತ್ತೆಗೇ ವಹಿಸಿದೆ. ಫಿಲ್ಟರ್ ನೀರಿನ ಕ್ಯಾನ್ ತೋರಿಸಿದೆ. ಆದರೆ ಅವರ ಪ್ರಕಾರ ಅದು ಕಾಲು ತೊಳೆಯಲೂ ಲಾಯಕ್ಕಿಲ್ಲದ ನೀರು. ಅವರು ಮನೆಯಲ್ಲಿರುವ ಒಳ್ಳೆಯದನ್ನೇ ಕೊಟ್ಟರು: ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ ತಾಮ್ರದ ಬಿಂದಿಗೆಯ ನೀರು, ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು. ನಾನು ಬಂದು ನೋಡಿದರೆ ನಾಲ್ಕು ಬಸವನಹುಳು ಮರಳಿನ ಮೇಲೆ ಸತ್ತು ಬಿದ್ದಿದ್ದವು, ಹವಳ ಮುಷ್ಟಿ ಬಿಗಿದುಕೊಂಡಿತ್ತು. ಫೋನಿನ ಸ್ಪೀಕರಿನಲ್ಲಿ ಮದನ್, "ತಾಮ್ರ ಏನಾದ್ರೂ ಸೇರ್ತಾ ಮೇಡಂ? ಮೀನು ತಡ್ಕೊಳ್ತವೆ, ಹುಳ ಹವಳ ತಡ್ಕೊಳ್ಳಲ್ಲ" ಎಂದ. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆ, ತಾಮ್ರ ಹೀರಲೆಂದು ಮದನ್ ಕಳಿಸಿದ ಇದ್ದಿಲಿನ ಚೀಲ ಇಳಿಬಿಟ್ಟೆ. ಉಪ್ಪುನೀರಲ್ಲಿ ಏನೂ ಬದುಕದು ಎಂದು ನಾನೇ ತೋರಿಸಿಕೊಟ್ಟಂತಾಯಿತು, ಏಪ್ರಿಲ್ ಪ್ರಯಾಣ ಕೈತಪ್ಪಿತು ಅಂದುಕೊಂಡೆ. ಮೂರನೆಯ ದಿನ ಕ್ಯಾನಿನ ಪಕ್ಕದಲ್ಲಿ ಹೊಸದೊಂದು ಪ್ಲಾಸ್ಟಿಕ್ ಜಗ್ಗು ಕಂಡಿತು. ಬೇರೆ ಯಾವುದಕ್ಕೂ ಯಾರೂ ಮುಟ್ಟದಂತೆ ಹಿಡಿಗೆ ಕೆಂಪು ದಾರ. ಪ್ಲಾಸ್ಟಿಕ್ಕಿನಲ್ಲಿ ಕೊಟ್ಟ ನೀರನ್ನು ಬಾಯಿಗೇ ಹಾಕದ ನಿಮ್ಮ ತಾಯಿ ತಾವೇ ಪೇಟೆಗೆ ಹೋಗಿ ತಂದಿದ್ದರು.

ಮೊನ್ನೆ ಗುರುವಾರ ಹವಳ ಪೂರ್ತಿ ಅರಳಿತು. ಉಳಿದ ಎರಡು ಬಸವನಹುಳು ಮತ್ತೆ ಗಾಜು ಹತ್ತಿವೆ. ಅತ್ತೆ ಕೂಗಿದ ಕೂಗಿಗೆ ಪುಟ್ಟಲಕ್ಷ್ಮಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳು ಹೋದಮೇಲೆ ಅತ್ತೆ ತೊಟ್ಟಿಯನ್ನೇ ನೋಡುತ್ತಾ ಕೂತು ನನ್ನನ್ನು ಕೇಳಿದರು: "ನಂಜುಂಡ ಇರೋ ಕಡೆ ಇವು ರಾಶಿ ರಾಶಿ ಅವೆ ಅಂತೀಯಲ್ಲ, ಅಲ್ಲಿ ದಿನಾ ನೀರ್ ಯಾರ್ ತುಂಬುಸ್ತಾರೆ?" ಮಳೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಹೋಗಿ ನೋಡೋಣ ಅತ್ತೆ" ಎಂದೆ. ಅವರು ಎದ್ದು ಕೆಂಪು ದಾರದ ಜಗ್ಗು ತರಲು ಹೋದರು.

ಮೇಘನಾ ಬಿಡಿಸಿದ ಮೀನಿನ ಚಿತ್ರ ಒಳಗಿಟ್ಟಿದ್ದೇನೆ. ಅದಕ್ಕೆ ನಾಲ್ಕು ಪಟ್ಟೆ ಹಾಕಿದ್ದಾಳೆ, ನಿಜವಾಗಿ ಇರುವುದು ಮೂರು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದವನ್ನು ಅವರನ್ನು ಕೇಳದೆಯೇ ಸೇರಿಸಿದ್ದೇನೆ. ಕೇಳಿದರೆ ಕಾಗದ ಪೂರ್ತಿ ಓದಿಸುತ್ತಾರೆ.

ನಿಮ್ಮ
ಗೌತಮಿ

ಕಾಗದ ಮಡಿಸುವಾಗ: ಅತ್ತೆ ಅವರೆಕಾಳಿನ ಮೊರ ಹಿಡಿದು ಒಳಗೆ ಬಂದು, "ಬತ್ತೀನಿ ಅಂತ ಬರಿ" ಎಂದರು. ಇನ್ನೂ ಟಿಕೆಟ್ ತೆಗೆಸಿಲ್ಲ, ಪುಟ್ಟಲಕ್ಷ್ಮಿಗೆ ತೊಟ್ಟಿ ನೋಡಿಕೊಳ್ಳುವುದು ಕಲಿಸಿಲ್ಲ, ಆದರೆ ಏಪ್ರಿಲ್‌ಗೆ ಹೊರಡುವುದೆಂದು ತೀರ್ಮಾನವಾಗಿದೆ. ದ್ವೀಪದ ಪರ್ಮಿಟ್ಟನ್ನು ಮೂವರಿಗೂ ಕೇಳಿ. ಬಿಂದಿಗೆ ಮಾತ್ರ ಇಲ್ಲೇ ಇರುತ್ತದಂತೆ. "ಅಷ್ಟ್ ದೊಡ್ ನೀರ್ ಕೆಟ್ರೆ ಯಾರವ್ವಾ ಬದಲಾಯ್ಸೋರು?"