ಬ್ಯಾಡ್ಜಿನ ಹಿಂಬದಿ

ಫೆಬ್ರವರಿ ೧೧, ಬುಧವಾರ
ಬೆಳಗ್ಗೆ ಹತ್ತು ಗಂಟೆ

ನನ್ನ ಗುಬ್ಬಚ್ಚಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಸಿಗುತ್ತಿತ್ತು. ಪೆನ್ನು ಸರಿಯಿಲ್ಲ, ಕನ್ನಡಕ ಸರಿಯಿಲ್ಲ, ಬೆಳಕು ಸಾಲದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕೆಮ್ಮು ಹೇಗಿದೆ? ಅಳಿಯಂದಿರು ಹೊಸ ಕೆಲಸಕ್ಕೆ ಒಗ್ಗಿಕೊಂಡರೇ?

ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಸೇನಾ ಶಿಬಿರದ ಗೇಟಿನೆದುರಿನ ನಮ್ಮ ಹೊಲಿಗೆ ಅಂಗಡಿ ಮುಚ್ಚಿ ಎರಡು ವರ್ಷವಾದರೂ ಸೈನಿಕರ ತೋಳಿನ ಬ್ಯಾಡ್ಜ್ ಸಂಗ್ರಹಿಸುವವರು ಮನೆ ಹುಡುಕಿಕೊಂಡು ಬರುತ್ತಾರೆ. ಬ್ಯಾಡ್ಜ್ ತುಂಬಿಟ್ಟ ನನ್ನ ಬಿಸ್ಕತ್ತಿನ ಡಬ್ಬಿಗಳು ಈಗ ಹನ್ನೊಂದಾಗಿವೆ. ಗುರಿಕಾರರ ಜೋಡಿ ಬಂದೂಕು, ಲಾಳ ಕಟ್ಟುವವರ ಕುದುರೆ ಲಾಳ, ಸಂಕೇತದವರ ಬಾವುಟ, ಚಾಲಕರ ಚಕ್ರ, ಎಲ್ಲ ಬೇರೆ ಬೇರೆ ಇಟ್ಟಿದ್ದೇನೆ. ನಿವೃತ್ತರಾಗಿ ಹೊರಡುವವರು ತೋಳಿನಿಂದ ಬಿಚ್ಚಿಸಿ ನನ್ನ ಕೈಗೇ ಹಾಕಿ ಹೋದವುಗಳು. ನೀನು ಚಿಕ್ಕವಳಿದ್ದಾಗ ಕುದುರೆ ಲಾಳವನ್ನು ಗೊಂಬೆಯ ಹಣೆಗೆ ಅಂಟಿಸಿ ಬೈಸಿಕೊಂಡಿದ್ದೆ, ನೆನಪಿದೆಯೇ?

ಹೋದ ವಾರ ಗಣಿತದ ಮೇಷ್ಟ್ರು ಬಂದಿದ್ದರು. ನಿವೃತ್ತಿಯಾದ ಮೇಲೆ ಅವರಿಗೂ ಈ ಹುಚ್ಚು ಹತ್ತಿದೆ. ಸುತ್ತಿಗೆ, ಇಕ್ಕಳ ಇರುವ ಕಮ್ಮಾರನ ಬ್ಯಾಡ್ಜೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ನೂರು ವರ್ಷದ್ದು ಎಂದರು. ನಾನು ತಿರುಗಿಸಿದೆ. ಹಿಂದೆ ಹೊಳೆಯುವ ನೈಲಾನ್ ದಾರ. ಬಟ್ಟೆಯ ಮೇಲೆ ಕಂದು ಬಣ್ಣ. ಮೂಸಿದರೆ ಚಹಾ ವಾಸನೆ. ಮೇಷ್ಟ್ರೇ, ಇದಕ್ಕೆ ವಯಸ್ಸಾಗಿಲ್ಲ, ಯಾರೋ ಚಹಾ ಕುಡಿಸಿದ್ದಾರೆ ಅಷ್ಟೇ ಎಂದೆ. ಪಾಪ, ಮುಖ ಸಣ್ಣ ಮಾಡಿಕೊಂಡರು. ಸಮಾಧಾನಕ್ಕೆಂದು, ಮುಂಬದಿ ಯಾರು ಬೇಕಾದರೂ ಮೋಸ ಮಾಡಿ ತೋರಿಸಬಹುದು, ಗುರುತು ಇರುವುದು ಹಿಂಬದಿಯಲ್ಲಿ, ಬಿಚ್ಚಿ ನೋಡದೆ ಏನನ್ನೂ ನಂಬಬೇಡಿ ಎಂದು ಉಪದೇಶ ಮಾಡಿದೆ. ಅವರು ಹೋದ ಮೇಲೆ ಆ ಮಾತು ನನಗೇ ಚುಚ್ಚತೊಡಗಿತು. ಅದು ನಿನ್ನ ಮಾತಲ್ಲವೇ ಮಗಳೇ?

ಒಂಬತ್ತು ವರ್ಷದ ಹಿಂದಿನದನ್ನು ಕೆದಕುತ್ತಿದ್ದೇನೆ, ಸಹಿಸಿಕೋ. ನಿನ್ನಣ್ಣನ ದಳದ ಲಾರಿ ಹೊಳೆಗೆ ಬಿದ್ದು ಹನ್ನೆರಡು ದಿನದ ಮೇಲೆ ಸಿಕ್ಕ ದೇಹದ ಮುಖ ಗುರುತು ಹತ್ತುವಂತಿರಲಿಲ್ಲ. ಕೋಟಿನ ತೋಳಿನಲ್ಲಿದ್ದ ಚಾಲಕನ ಬ್ಯಾಡ್ಜ್ ನೋಡಿ ನಿನ್ನಣ್ಣನೇ ಎಂದು ತೀರ್ಮಾನಿಸಿ, ಅಲ್ಲೇ ಮಣ್ಣು ಮಾಡಿ, ಕೋಟು ನಮಗೆ ಕಳಿಸಿದರು. ನಾನು ಅದನ್ನು ಮೇಜಿನ ಮೇಲೆ ಹರಡಿದೆ. ನಾನು ಹೊಲಿದುಕೊಟ್ಟಿದ್ದು ಬರಿಯ ಚಕ್ರ. ಇದರಲ್ಲಿ ಚಕ್ರದ ಸುತ್ತ ಎಲೆಬಳ್ಳಿ, ಮೇಲಿನ ದರ್ಜೆಯದು. ಹೊಲಿಗೆಯೋ, ಕೋಳಿ ಕೆದರಿದ ಹಾಗೆ. ದರ್ಜಿಯ ಮಗ, ಅಪ್ಪನ ಕೈಯಲ್ಲಲ್ಲದೆ ಬೇರೆಯವರಿಂದ ಬ್ಯಾಡ್ಜ್ ಹೊಲಿಸುವವನಲ್ಲ. ಇದು ನಮ್ಮವನ ಕೋಟಲ್ಲ, ಸತ್ತವನು ಯಾರೋ, ನಮ್ಮವನು ಎಲ್ಲೋ ಇದ್ದಾನೆ ಎಂದುಬಿಟ್ಟೆ. ನಿನ್ನಮ್ಮ ಅಷ್ಟು ದಿನದಲ್ಲಿ ಮೊದಲ ಬಾರಿಗೆ ತಾನಾಗಿ ಕೇಳಿ ಒಂದು ಲೋಟ ನೀರು ಕುಡಿದಳು.

ಎರಡು ವಾರ ಬಿಟ್ಟು ನೀನು ಹೇಳಿದೆ: "ಅಪ್ಪ, ಊರಿನೋರಿಗೆಲ್ಲ ಹಿಂದೆ ನೋಡಿ ಅಂತೀಯ. ಇದನ್ನೊಂದ್ಸಲ ಬಿಚ್ಚಿ ನೋಡು. ಅಮ್ಮನ್ನ ಹಿಂಗೆ ಕಾಯಿಸ್ಬೇಡ."

ನಾನು ನಿನಗೆ ಅಂದದ್ದನ್ನೆಲ್ಲ ಮತ್ತೆ ಬರೆಯಲಾರೆ. ಅಣ್ಣ ಸಾಯಲಿ ಎಂದು ಕಾಯುವವಳು ಈ ಮನೆಗೆ ಬೇಡ ಅಂದ ಬಾಯಿ ಇದೇ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿನ್ನಮ್ಮನೂ ನನ್ನ ಕಡೆಗೇ ನಿಂತಳು. ಹೋದ ವರ್ಷ ಅವಳು ತೀರಿಕೊಂಡು, ಕಳಿಸಿಕೊಡಲು ನೀನು ಬಂದಾಗಲೂ ನಾವಿಬ್ಬರು ಹೊರಗಿನವರಂತೆ ಗೋಡೆಗೊರಗಿ ಕೂತಿದ್ದೆವು.

ಮೊನ್ನೆ ಮಧ್ಯಾಹ್ನ ಕೋಟು ತೆಗೆದು ಬ್ಯಾಡ್ಜ್ ಬಿಚ್ಚಿದೆ. ಅದರ ಕೆಳಗೆ, ಬಟ್ಟೆಯ ಮೇಲೆ, ಹಳೆಯ ಚಿಕ್ಕ ಬ್ಯಾಡ್ಜ್ ಇದ್ದ ಜಾಗದ ಸುತ್ತ, ನನ್ನ ಸೂಜಿಯ ಸಣ್ಣ ತೂತುಗಳು. ಕೆಳಮೂಲೆಯಲ್ಲಿ ಕೆಂಪು ದಾರದ ಒಂದೇ ಒಂದು ಅಡ್ಡಹೊಲಿಗೆ. ಯಾರ ಕಣ್ಣಿಗೂ ಬೀಳದಂತೆ, ಅಸ್ತರಿಗೂ ತಾಗದಂತೆ, ನಾನು ನಿಮ್ಮಿಬ್ಬರ ಬಟ್ಟೆಗೆ ಮಾತ್ರ ಹಾಕುತ್ತಿದ್ದೆನಲ್ಲ, ಅದೇ. ಹಳೆಯ ಬ್ಯಾಡ್ಜಿನ ದಾರವನ್ನೆಲ್ಲ ಕಿತ್ತವನು ಅದೊಂದನ್ನು ಕೀಳದೆ ಬಿಟ್ಟು, ಅದರ ಮೇಲೆ ಹೊಸದನ್ನು ತಾನೇ ಹೊಲಿದುಕೊಂಡಿದ್ದಾನೆ. ಮೇಲಿನ ಪರೀಕ್ಷೆ ಪಾಸಾಗಿ, ರಜೆಗೆ ಬಂದು ತೋಳು ತಿರುಗಿಸಿ ನಮಗೆ ತೋರಿಸಬೇಕೆಂದು ಬಾಯಿ ಬಿಡದೆ ಕೂತಿದ್ದನೋ ಏನೋ. ಚಿಕ್ಕಂದಿನಲ್ಲಿ ಅವನು ಗುಂಡಿ ಹೊಲಿದಾಗಲೂ ಕೋಳಿ ಕೆದರಿದೆ ಎಂದು ನಾನೇ ನಗಾಡಿದ್ದೆ. ಆ ಕೈಯನ್ನು ನಾನು ಗುರುತಿಸಬೇಕಿತ್ತು.

ನೀನು ಹೇಳಿದ್ದೇ ಸರಿ, ನಾನು ತಪ್ಪು. ಅವನ ದಳದವರು ಕಟ್ಟಿಸುತ್ತಿರುವ ನೆನಪಿನ ಗೋಡೆಯಲ್ಲಿ ಹೆಸರು ಕೆತ್ತಲು ತಂದೆಯ ರುಜು ಬೇಕೆಂದು ನೀನು ಕಳಿಸಿದ್ದ ಫಾರಂ ಇದರ ಜೊತೆಗಿದೆ. ರುಜು ಹಾಕಿದ್ದೇನೆ. ತಿಂಗಳ ಕೊನೆಯೊಳಗೆ ತಲುಪಿಸು. ವೃತ್ತಿ ಎಂದಿರುವ ಕಡೆ ಬರೀ ಚಾಲಕ ಎಂದು ಬರೆಯಬೇಡ, ಮೇಲಿನ ದರ್ಜೆಯ ಚಾಲಕ ಎಂದು ಬರೆ. ಅದು ಅವನು ದುಡಿದು ಪಡೆದದ್ದು. ಬ್ಯಾಡ್ಜನ್ನೂ ಕಾಗದದಲ್ಲಿ ಮಡಿಸಿಟ್ಟಿದ್ದೇನೆ, ನಿನ್ನ ಹತ್ತಿರವೇ ಇರಲಿ.

ನೀನು, ಅಳಿಯಂದಿರು ನೂರು ಕಾಲ ಚೆನ್ನಾಗಿ ಬಾಳಿ. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನ
ಅಪ್ಪ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಹರಿದು ಇಷ್ಟು ಬರೆಯುತ್ತಿದ್ದೇನೆ. ಬ್ಯಾಡ್ಜಿನ ಅಂಚಿನಲ್ಲಿ ಎರಡು ಬಗೆಯ ಕಪ್ಪು ದಾರದ ತುಣುಕುಗಳಿವೆ. ನೀನು ದರ್ಜಿಯ ಮಗಳು, ನೋಡಿದರೆ ನಿನಗೆ ಗೊತ್ತಾಗುತ್ತದೆ, ಅದಕ್ಕೆ ಮೊದಲೇ ನಾನೇ ಹೇಳುತ್ತೇನೆ. ಮೊನ್ನೆ ಬಿಚ್ಚಿದ್ದು ಎರಡನೆಯ ಸಲ. ಕೋಟು ಬಂದ ಎಂಟನೆಯ ದಿನವೇ, ನಿನ್ನಮ್ಮ ಮಲಗಿದ್ದಾಗ, ಬಿಚ್ಚಿ ನೋಡಿದ್ದೆ. ಕೆಂಪು ಹೊಲಿಗೆ ಕಂಡಿದ್ದೆ. ಅವಳು ಹಿಂದಿನ ದಿನವಷ್ಟೇ ಎರಡು ತುತ್ತು ಉಂಡಿದ್ದಳು. ಅವನದೇ ತೂತುಗಳಲ್ಲಿ, ಅವನ ಹಾಗೆಯೇ ಸೊಟ್ಟಗೆ, ನಮ್ಮ ಅಂಗಡಿಯ ದಾರದಿಂದ ಮತ್ತೆ ಹೊಲಿದಿಟ್ಟೆ. ನಿನ್ನನ್ನು ಹೊರಗೆ ಹೋಗು ಅಂದದ್ದು ಅದಾದ ಮೇಲೆ, ಎಲ್ಲ ಗೊತ್ತಿದ್ದೇ.

ಇನ್ನೊಂದು. ನಲವತ್ತು ವರ್ಷ ಅಂಗಡಿಯ ದಾರವನ್ನೆಲ್ಲ ಉಂಡೆಯಿಂದ ಸುತ್ತಿಕೊಡುತ್ತಿದ್ದವಳು ನಿನ್ನಮ್ಮ. ಬೆರಳಲ್ಲಿ ಮುಟ್ಟಿಯೇ ಯಾವ ದಾರ ಎನ್ನುತ್ತಿದ್ದಳು. ಹೋಗುವ ಮೂರು ದಿನ ಮೊದಲು ಕೋಟು ಕೇಳಿ, ತೋಳು ಸವರುತ್ತಾ ಬಹಳ ಹೊತ್ತು ಇಟ್ಟುಕೊಂಡಿದ್ದಳು. "ಇದು ನಮ್ಮ ಅಂಗಡಿ ದಾರ ಅಲ್ವಾ?" ಎಂದಳು. ಅಲ್ಲ ಎಂದೆ. "ಸರಿ ಬಿಡಿ" ಎಂದು ಕೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.