ಹಲ್ಲಿಗೆ ಕೂರದ ಚೈನು

ಕೆ.ಆರ್. ಪುರ
೧೨-೧೦-೨೦೦೩

ನಮ್ಮ ಪದ್ಮಶ್ರೀಯ ಅಪ್ಪನವರಿಗೆ,

ನಮಸ್ಕಾರ. ಪದ್ಧತಿಗೆ ಬರೆದೆ, ಮನಸ್ಸಿನಿಂದಲ್ಲ. ಒಂದು ವಾರದಿಂದ ನಿಮ್ಮ ಅಕ್ಕನ ಮನೆಯಲ್ಲಿ ಮುಖ ಮರೆಸಿಕೊಂಡು ಕೂತಿದ್ದೀರಲ್ಲ, ಅನ್ನ ಗಂಟಲಲ್ಲಿ ಇಳಿಯುತ್ತಿದೆಯೇ? ಇಲ್ಲಿ ಹಂಪಣ್ಣ ಎಡಗೈಯಲ್ಲಿ ತುತ್ತು ಎತ್ತುತ್ತಿದ್ದಾನೆ. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ, ಡಾಕ್ಟರು ಹೇಳಿದರು.

ಕೈ ಹೋದದ್ದು ಸಾಲದೆಂದು ಅವನ ಹೆಸರನ್ನೂ ಕೆಡಿಸಿದಿರಿ. ಕುಡಿದು ಮಷೀನು ಹಿಡಿದಿದ್ದ ಎಂದು ಕೆಲಸ ಕೊಡಿಸುವ ಕಮ್ಮನಹಳ್ಳಿಯ ಮೇಸ್ತ್ರಿಗೆ ಹೇಳಿದಿರಂತೆ. ಈಗ ಅವನಿಗೆ ಕಾವಲು ಕೆಲಸ ಕೊಡುವವರೂ ಇಲ್ಲ. ಎಂಟು ವರ್ಷ ನಿಮ್ಮ ಜೊತೆ ಮರ ಕೊಯ್ದವನು, ಒಂದು ದಿನವಾದರೂ ಕುಡಿದದ್ದು ನೋಡಿದ್ದೀರಾ? ಥೂ, ನಾಚಿಕೆಯಾಗಬೇಕು ನಿಮಗೆ.

ನಡೆದದ್ದು ನನಗೆ ಗೊತ್ತಿಲ್ಲವೇ? ಆಯುಧಪೂಜೆಯ ದಿನ ಮರ ಕೊಯ್ಯುವ ಮಷೀನಿಗೂ ಸವೆದ ಹಳೆಯ ಚೈನಿಗೂ ಕುಂಕುಮ ಹಚ್ಚಿ ದೇವರ ಮುಂದಿಟ್ಟಿರಿ. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದವರೆಗೆ ಕದಲಿಸಬಾರದೆಂದು ಬರಿಗೈಯಲ್ಲಿ ಹೊಸ ಚೈನು ತರಲು ಶಿವಾಜಿನಗರಕ್ಕೆ ಹೋದಿರಿ. ಅಂಗಡಿಯ ಗಯಾಜ್ ಸಾಹೇಬರು ಕೇಳಿದ್ದರಂತೆ, “ಹಳೇ ಚೈನ್ ತಗೊಂಡ್ಬನ್ನಿ ಸಾರ್, ಇಲ್ಲಾಂದ್ರೆ ಸ್ಪ್ರಾಕೆಟ್ ಸೈಜ್ ಆದ್ರೂ ಹೇಳಿ.” ನೀವು ಹದಿನೆಂಟು ಇಂಚಿನ ಬಾರು ಅಂದಿರಿ, ಚೈನು ಸುತ್ತುವ ಪಟ್ಟಿಯ ಉದ್ದ, ಅಷ್ಟೇ. ಉದ್ದ ಒಂದಾದರೆ ಸಾಕೇ? ಹೊಸ ಚೈನು ಬಾರಿನ ಸೀಳಿನಲ್ಲೇನೋ ಕೂತಿತು. ಅದರ ಕೊಂಡಿಗಳ ಅಂತರ ಚೈನು ತಿರುಗಿಸುವ ಚಕ್ರದ, ಆ ಸ್ಪ್ರಾಕೆಟ್ಟಿನ, ಹಲ್ಲಿಗೆ ಹೊಂದಲಿಲ್ಲ. ದಶಮಿಯ ದಿನ ನೀವೇ ಅದನ್ನು ಬಿಗಿದು ಅವನ ಕೈಗೆ ಕೊಟ್ಟಿರಿ. ಮೊದಲನೆಯ ಕೊಂಬೆಗೇ ಅದು ಹಾರಿ ಅವನ ಕೈ ಸೀಳಿತು.

ಗುರುವಾರ ಅವನೂ ಅವನ ಹೆಂಡತಿ ಜಟ್ಟೆಮ್ಮನೂ ರಾಯಚೂರಿನ ರೈಲು ಹತ್ತುತ್ತಾರೆ. ಕುಡುಕನೆಂಬ ಮಾತು ಆಗಲೇ ಅವರ ಊರಿಗೂ ಮುಟ್ಟಿದೆ. ಬುಧವಾರ ಬನ್ನಿ. ಮೇಸ್ತ್ರಿಯ ಮುಂದೆ ನಿಂತು, ಅವನು ಕುಡಿದಿರಲಿಲ್ಲ, ಚೈನು ತಪ್ಪು ತಂದವನು ನಾನು ಎಂದು ಹೇಳಿ. ಹೇಳುವುದಕ್ಕೆ ಆಗದಿದ್ದರೆ ಈ ಮನೆಯ ಮೆಟ್ಟಿಲನ್ನೂ ಹತ್ತಬೇಡಿ.

ಇಂತಿ,
ಯಮುನಾ

ತಾ.ಕ.: ಹಂಪಣ್ಣ ಮೊದಲೇ ಹೇಳಬಾರದಿತ್ತೇ ಎಂದು ಅಕ್ಕನ ಹತ್ತಿರ ಅಂದಿರಂತೆ. ಹೇಳಿದ, ನನ್ನ ಹತ್ತಿರ. ದಶಮಿಯ ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ಎರಡೂ ಚೈನನ್ನು ಪಕ್ಕಪಕ್ಕ ಹಿಡಿದು ತೋರಿಸಿದ. “ಅಕ್ಕಾರ, ಇದು ಹಲ್ಲಿಗೆ ಕೂಡಂಗಿಲ್ರಿ. ನಾ ಅಂದ್ರ ಅಣ್ಣಾರು ಬೈತಾರ, ನೀವಽ ಹೇಳ್ರಿ” ಅಂದ. ಹಬ್ಬದ ದಿನ ನಿಮ್ಮ ಬಾಯಿಗೆ ಯಾರು ಬೀಳುತ್ತಾರೆಂದು ನಾನು ಸುಮ್ಮನಾದೆ. ಅವನಿಗೆ ಮಾತ್ರ, “ಅವರಿಗೆ ಹೇಳಿದ್ದೇನೆ, ಸರಿಯಾಗಿದೆಯಂತೆ” ಅಂದೆ. ನನ್ನ ಮಾತು ನಂಬಿ ಮಷೀನು ಹಿಡಿದ. ಇದನ್ನು ಅವನು ಇವತ್ತಿನವರೆಗೆ ಜಟ್ಟೆಮ್ಮನಿಗೂ ಹೇಳಿಲ್ಲ. ಬುಧವಾರ ನಾನೂ ಮೇಸ್ತ್ರಿಯ ಮುಂದೆ ನಿಲ್ಲುತ್ತೇನೆ.